ಸಮುದ್ರದ ಕಡೆಯ ಕೆನ್ನೆ

ಕೆಲಸಕ್ಕೆ ನಿಂತ ಚಂದ್ರಮೌಳಿಗೆ ಎಡವೂ ಇಲ್ಲ, ಬಲವೂ ಇಲ್ಲ. ಮನೆಯಲ್ಲಿ ಬಲಗೈಯಲ್ಲೇ ಉಣ್ಣುತ್ತಾನೆ, ರಸ್ತೆಯಲ್ಲಿ ಎಡಗಡೆಯಲ್ಲೇ ಗಾಡಿ ಓಡಿಸುತ್ತಾನೆ. ಆದರೆ ಹೋರ್ಡಿಂಗಿನ ಕೆಳಗೆ ಕಾಲಗಲಿಸಿ ನಿಂತು ಕತ್ತೆತ್ತಿದನೆಂದರೆ ಆ ಎರಡು ಮಾತು ಅವನ ಬಾಯಿಂದ ಹೊರಡುವುದಿಲ್ಲ. "ಸಮುದ್ರದ ಕಡೆ ಒಂದು ಮೊಳ ಎಳಿ! ಬೆಟ್ಟದ ಕಡೆ ಹಗ್ಗ ಸಡಿಲ ಬಿಡು!" ಎಂದೇ ಕೂಗುತ್ತಾನೆ. ಕೂಗುವುದು ತೆಲುಗಿನಲ್ಲಿ, ಇಲ್ಲಿ ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ವಿಶಾಖಪಟ್ಟಣದಲ್ಲಿ ಈ ಪದ್ಧತಿಗೆ ಅಡ್ಡಿಯಿಲ್ಲ. ಯಾವ ಜಂಕ್ಷನ್ನಿನಲ್ಲಿ ನಿಂತರೂ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಯಾವುದಾದರೂ ಬೆಟ್ಟ ಇದ್ದೇ ಇರುತ್ತದೆ. ಅನಕಾಪಲ್ಲಿಗೆ ಹೋದರೆ ಬೆಲ್ಲದ ಮಾರ್ಕೆಟ್ಟಿನ ಕಡೆ, ಹೈವೇ ಕಡೆ ಎಂದಾಗುತ್ತದೆ.

ಇದು ಹುಚ್ಚಲ್ಲ. ಫ್ಲೆಕ್ಸನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟುವವನು ಚೌಕಟ್ಟಿನ ಹಿಂದೆ ಹತ್ತಿರುತ್ತಾನೆ. ಅವನಿಗೆ ಕಾಣುವುದು ಫ್ಲೆಕ್ಸಿನ ಬಿಳಿ ಬೆನ್ನು ಮಾತ್ರ. ಮುಂದೆ ಇರುವುದು ಸಿಮೆಂಟ್ ಚೀಲವೋ, ರೇಷ್ಮೆ ಸೀರೆಯೋ ಅವನಿಗೆ ತಿಳಿಯದು. ಕೆಳಗೆ ರಸ್ತೆಯಲ್ಲಿ ನಿಂತವನೇ ಅವನ ಕಣ್ಣು. ಕೆಳಗಿನವನು ಎಡ ಎಂದರೆ ಮೇಲಿನವನು ತನ್ನ ಎಡಕ್ಕೆ ಹೋಗುತ್ತಾನೆ. ಅದು ಕೆಳಗಿನವನಿಗೆ ಬಲ. ಹಿಂದೊಮ್ಮೆ ಹೀಗೇ ಆಗಿ, ಒಡವೆ ಅಂಗಡಿಯ ಬೋರ್ಡಿನ ಮದುಮಗಳ ಮೂಗಿನ ಮೇಲೆ, ಸರಿಯಾಗಿ ಮೂಗುತಿ ಇದ್ದ ಜಾಗದಲ್ಲಿ ಒಂದು ತೂತು ಬಿತ್ತು. ಅಂಗಡಿಯವನು ಮಾರಲು ಹೊರಟಿದ್ದೇ ಆ ಮೂಗುತಿಯನ್ನು. ಅಂದಿನಿಂದ ಚಂದ್ರಮೌಳಿಯ ಗುಂಪಿನಲ್ಲಿ ಎಡ ಬಲಗಳಿಗೆ ಪ್ರವೇಶವಿಲ್ಲ.

ತೂತು ಏಕೆ ಎಂದು ಕೇಳಬೇಡಿ, ಹೇಳಿಯೇ ಬಿಡುತ್ತೇನೆ. ನಲವತ್ತಡಿ ಅಗಲ, ಇಪ್ಪತ್ತಡಿ ಎತ್ತರದ ಫ್ಲೆಕ್ಸ್ ಎಂದರೆ ಹಡಗಿನ ಹಾಯಿಯೇ. ಸಮುದ್ರದ ಗಾಳಿ ಅದಕ್ಕೆ ತುಂಬಿಕೊಂಡರೆ ಕಬ್ಬಿಣದ ಕಂಬವನ್ನೂ ಬಗ್ಗಿಸುತ್ತದೆ. ಅದಕ್ಕೆ ಅಲ್ಲಲ್ಲಿ ಅರ್ಧಚಂದ್ರಾಕಾರವಾಗಿ ಕೊಯ್ದು ಬಿಡುತ್ತಾರೆ. ಕೊಯ್ದ ತುಂಡು ಮೇಲಿನಿಂದ ನಾಲಗೆಯ ಹಾಗೆ ಜೋತು ಬಿದ್ದಿರುತ್ತದೆ. ಗಾಳಿ ಬಂದಾಗ ಎದ್ದು ದಾರಿ ಬಿಡುತ್ತದೆ. ಗುಂಪಿನವರು ಅದನ್ನು ಕಿಟಕಿ ಎನ್ನುತ್ತಾರೆ. ಕಿಟಕಿಗೂ ಕಟ್ಟಳೆಗಳಿವೆ. ದೇವರ ಮೇಲೆ ಕೂಡದು, ಮನುಷ್ಯರ ಮುಖದ ಮೇಲೆ ಕೂಡದು, ಫೋನ್ ನಂಬರಿನ ಮೇಲಂತೂ ಕೂಡಲೇಕೂಡದು. ಹಾಗಾದರೆ ಎಲ್ಲಿ? ಆಕಾಶದಲ್ಲಿ. ಎಲ್ಲ ಜಾಹೀರಾತಿನಲ್ಲೂ ಒಂದಿಷ್ಟು ನೀಲಿ ಆಕಾಶ ಇರುತ್ತದಲ್ಲ, ಮನೆ ಮಾರುವವನಾಗಲಿ ಮೊಸರು ಮಾರುವವನಾಗಲಿ. ಚಂದ್ರಮೌಳಿಯ ಹೊಟ್ಟೆಪಾಡು ಆ ನೀಲಿಯ ಮೇಲೆ ನಡೆಯುತ್ತದೆ.

ಅವನು ಗಂಗಾವತಿ ಕಡೆಯವನು. ಬೋರ್ಡುಗಳನ್ನು ಕುಂಚದಲ್ಲಿ ಬರೆಯುತ್ತಿದ್ದ ಕಾಲದಲ್ಲಿ ವಿಜಯವಾಡಕ್ಕೆ ಪೇಂಟರಾಗಿ ಬಂದ. ಗಂಗಾಭವಾನಿ ಎಂಬ ಅಲ್ಲಿನ ಹುಡುಗಿಯನ್ನೇ ಮದುವೆಯಾದ. ಫ್ಲೆಕ್ಸ್ ಮಿಷನ್ನು ಬಂದಾಗ ಕುಂಚ ತೊಳೆದಿಟ್ಟು ಹಗ್ಗ ಹಿಡಿದ. ಏಜೆನ್ಸಿಯ ಓನರು ಅವನನ್ನು ವಿಶಾಖಪಟ್ಟಣದ ಬೋರ್ಡುಗಳಿಗೆ ಹಾಕಿದರು. ಮನೆಯಲ್ಲಿ ತೆಲುಗು, ರಸ್ತೆಯಲ್ಲಿ ತೆಲುಗು. ಮಗಳು ಅನುವಿಗೆ ಕನ್ನಡದಲ್ಲಿ ಬೈದರೆ ತೆಲುಗಿನಲ್ಲಿ ಉತ್ತರ ಬರುತ್ತದೆ. ಹಾಗಾಗಿ ನಮ್ಮಂಥ ವರ್ಗವಾಗಿ ಬಂದ ಬ್ಯಾಂಕಿನವರು ಸಿಕ್ಕರೆ ಬಿಡುವುದಿಲ್ಲ. "ಆರಾಮ ಇದ್ದೀರೇನ್ರೀ?" ಎಂದು ರಸ್ತೆಯ ಆ ಬದಿಯಿಂದಲೇ ಕೂಗುತ್ತಾನೆ, ನಡುವೆ ಸ್ಕೂಟರಿನವರೆಲ್ಲ ಬ್ರೇಕ್ ಹಾಕುತ್ತಾರೆ.

ಗುಂಪಿನಲ್ಲಿ ಇನ್ನಿಬ್ಬರು. ಸಾಯಿಕಿರಣ್ ಹತ್ತುವವನು, ಏಣಿ ಇದ್ದರೂ ಏಣಿ ಬಳಸುವುದು ಅವನಿಗೆ ಅವಮಾನ. ನೂಕರಾಜು ಅನಕಾಪಲ್ಲಿಯವನು, ಹಗ್ಗ, ತಂತಿ, ಟ್ರಾಲಿ ಆಟೋ ಅವನ ಖಾತೆ. ಮೂವರಿಗೂ ಬೇರೆ ಕೆಲಸ ಸಿಗದೆಂದಲ್ಲ. ಸಾಯಿಕಿರಣ್ ಅಪಾರ್ಟ್‌ಮೆಂಟುಗಳಿಗೆ ಬಣ್ಣ ಹೊಡೆಯಬಹುದು, ನೂಕರಾಜು ಬೆಲ್ಲದ ಲಾರಿಗೆ ಹೋಗಬಹುದು. ಆದರೆ ಮೂವರಿಗೂ ಒಟ್ಟಿಗೆ ಸಿಗುವ ಕೆಲಸ ಇದೊಂದೇ. ಬೆಳಗಿನಿಂದ ಸಂಜೆವರೆಗೆ ಒಬ್ಬರನ್ನೊಬ್ಬರು ಬೈದುಕೊಂಡು, ಒಂದೇ ಡಬ್ಬಿಯ ಗೊಂಗೂರ ಪಚ್ಚಡಿಗೆ ಮೂರು ಕೈ ಹಾಕುವ ಈ ವ್ಯವಸ್ಥೆ ಬಿಟ್ಟು ಹೋಗಲು ಯಾರಿಗೂ ಮನಸ್ಸಿಲ್ಲ.

ಈಗ ಮಹಾಬಲೇಶ್ವರ ಸರ್ ವಿಷಯಕ್ಕೆ ಬರಬೇಕು. ಕೂತಲ್ಲಿಂದ ಎದ್ದು ನಿಂತೇ ಹೇಳಬೇಕಾದ ವಿಷಯ ಅದು.

ಸರ್ ಕುಮಟಾದವರು. ಬ್ಯಾಂಕ್ ಮ್ಯಾನೇಜರರಾಗಿ ಊರೂರು ಸುತ್ತಿ, ಕೊನೆಯ ಪೋಸ್ಟಿಂಗ್ ವಿಶಾಖಪಟ್ಟಣಕ್ಕಾಗಿ, ರಿಟೈರಾದ ಮೇಲೂ ಇಲ್ಲಿಯೇ ಉಳಿದರು. ಸಮುದ್ರ ಬಿಟ್ಟು ಹೋಗಲು ಮನಸ್ಸಾಗಲಿಲ್ಲ ಎಂದು ಅವರು ಹೇಳುತ್ತಾರೆ. ಚೇಂಬರು ಬಿಟ್ಟು ಇರಲು ಮನಸ್ಸಾಗಲಿಲ್ಲ ಎಂದು ಅವರ ಹೆಂಡತಿ ಗಿರಿಜಮ್ಮ ಹೇಳುತ್ತಾರೆ. ಅಂತೂ 'ಮಹಾಬಲ ಬ್ಯಾಂಕಿಂಗ್ ಅಕಾಡೆಮಿ' ಎಂಬ ಕೋಚಿಂಗ್ ಸೆಂಟರು ಶುರುವಾಯಿತು, ಅದರಲ್ಲಿ ಒಂದು ಚೇಂಬರೂ ಆಯಿತು. ಪಾಠ ಚೆನ್ನಾಗಿ ಹೇಳುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಕನ್ನಡ ಸಂಘಕ್ಕೂ ಅವರೇ ಅಧ್ಯಕ್ಷರು. ಸಂಘದಲ್ಲಿ ಚುನಾವಣೆ ನಡೆಯುವುದಿಲ್ಲ. ಉಳಿದವರೆಲ್ಲ ಮುಂದಿನ ಚುನಾವಣೆಯ ಹೊತ್ತಿಗೆ ವರ್ಗವಾಗಿರುತ್ತೇವೆ.

ಮದ್ದಿಲಪಾಲೆಂ ಜಂಕ್ಷನ್ನಿನಲ್ಲಿ ಅಕಾಡೆಮಿಯ ಬೋರ್ಡು. ಮೊದಲ ವರ್ಷ ಅದರಲ್ಲಿ ಪಾಸಾದ ಹುಡುಗ ಹುಡುಗಿಯರ ಸಾಲು ಸಾಲು ಫೋಟೋ, ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟು ಸರ್. ಮರುವರ್ಷ ಅಂಚೆಚೀಟಿ ಇನ್ಲ್ಯಾಂಡ್ ಲೆಟರಾಯಿತು. ಅದರಾಚೆಯ ವರ್ಷ ಸರ್ ನಡುವಿಗೆ ಬಂದರು. ಪಾಸಾದವರು ಅವರ ಸುತ್ತ ಗ್ರಹಗಳಾದರು. ಆಮೇಲೆ ಗ್ರಹಗಳು ಸಣ್ಣವಾಗಿ ಸಣ್ಣವಾಗಿ ಕೊರಳ ಹಾರದ ಮಣಿಗಳಾದವು. ಈ ವರ್ಷ ಹಾರವೂ ಹೋಯಿತು. ಬೋರ್ಡಿನ ಈ ತುದಿಯಿಂದ ಆ ತುದಿಗೆ ಮುಖವೊಂದೇ. ಅಕಾಡೆಮಿಯ ಹೆಸರು ಕಾಲರಿನ ಮೇಲೆ, ಫೋನ್ ನಂಬರು ಟೈ ಮೇಲೆ. ನೀಲಿ ಆಕಾಶ ಅಂಗೈಯಷ್ಟೂ ಇಲ್ಲ.

ಆ ಮುಖವಾದರೂ ಸರ್‌ದು ಹೌದೋ ಅಲ್ಲವೋ ಎನ್ನುವ ಹಾಗಿತ್ತು. ಡಿಸೈನರು ಕಂಪ್ಯೂಟರಿನಲ್ಲಿ ಅದಕ್ಕೆ ಇಸ್ತ್ರಿ ಹಾಕಿದ್ದ. ಕೂದಲು ಕಪ್ಪಾಗಿತ್ತು, ಗಲ್ಲದ ಕೆಳಗಿನ ಎರಡನೆಯ ಗಲ್ಲ ಮಾಯವಾಗಿತ್ತು, ಚರ್ಮ ಬದನೆಕಾಯಿಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಮಕ್ಕಳನ್ನು ಸೇರಿಸಲು ಬಂದ ಅಪ್ಪ ಅಮ್ಮಂದಿರು ಚೇಂಬರಿಗೆ ಬಂದು, "ಬೋರ್ಡಿನಲ್ಲಿರುವ ಸರ್ ಎಲ್ಲಿ? ನಿಮ್ಮ ಮಗನಾ?" ಎಂದು ಕೇಳುತ್ತಿದ್ದರು. ಸರ್ ಅದನ್ನು ಹೊಗಳಿಕೆ ಎಂದು ತಿಳಿದು ಸಂಘದ ಸಭೆಯಲ್ಲಿ ನಮಗೆಲ್ಲ ಹೇಳಿದರು. ಹಾಗೆ ಕೇಳಿದವರಲ್ಲಿ ಕೆಲವರು ಮಗ ಬಂದಾಗ ಬರುತ್ತೇವೆ ಎಂದು ಎದ್ದು ಹೋಗಿದ್ದನ್ನು ಹೇಳಲಿಲ್ಲ. ಅದನ್ನು ಗಿರಿಜಮ್ಮ ಹೇಳಿದರು.

ಹೀಗಿರುವಾಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು.

ಹವಾಮಾನದವರು ಬೆಳಿಗ್ಗೆಯೇ ಎಚ್ಚರಿಕೆ ಕೊಟ್ಟಿದ್ದರು. ಚಂದ್ರಮೌಳಿಯ ಗುಂಪು ಬೀಚ್ ರೋಡಿನಿಂದ ಶುರುಮಾಡಿ ಒಂದೊಂದೇ ಫ್ಲೆಕ್ಸ್ ಇಳಿಸುತ್ತ ಬಂತು. ಮದ್ದಿಲಪಾಲೆಂ ಬೋರ್ಡಿಗೆ ಬರುವಾಗ ವಿಜಯವಾಡದಿಂದ ಓನರ ಫೋನು.

"ಮೌಳೀ, ಮಾಷ್ಟಾರ ಬೋರ್ಡು ಇಳಿಸಬೇಡ. ಭಾನುವಾರ ಹೊಸ ಬ್ಯಾಚು. ಅವರಿಗೆ ಮಾತು ಕೊಟ್ಟಿದೀನಿ."

"ಗಾಳಿ ಜೋರಾಗ್ತದಂತೆ ಅಂಡೀ" ಎಂದು ಚಂದ್ರಮೌಳಿ ವಿನಯದಿಂದ ಹೇಳಿದ.

"ಬರೀ ಕುಸಿತ, ತುಫಾನಲ್ಲ. ನಾಳೆ ಅವರು ವಿಜಯವಾಡದಲ್ಲೂ ಬೋರ್ಡು ಹಾಕಿಸೋರು. ಕೇಳಿಸ್ತಾ? ಆ ಮುಖಕ್ಕೆ ಒಂದು ಗೀರು ಬಿತ್ತು ಅಂದರೆ ವಿಶಾಖದ ಬೋರ್ಡೆಲ್ಲ ಬೇರೆ ಗುಂಪಿಗೆ. ನೀನು, ನಿನ್ನ ಹಗ್ಗ, ನಿನ್ನ ಆ ಇಬ್ಬರು ಹೀರೋಗಳು ಮನೆಗೆ."

ಚಂದ್ರಮೌಳಿ ಬೇರೆ ಕಡೆ ಹೋದ. ಮಧ್ಯಾಹ್ನ ಊಟವಾದ ಮೇಲೆ ಮನಸ್ಸು ತಡೆಯದೆ ತಿರುಗಿ ಬಂದ. ಅಷ್ಟರಲ್ಲಿ ಗಾಳಿ ಎದ್ದಿತ್ತು.

ನಾನು ಅಲ್ಲಿಯೇ ಇದ್ದೆ. ಎಚ್ಚರಿಕೆಯ ನೆಪದಲ್ಲಿ ನಮ್ಮನ್ನು ಬ್ಯಾಂಕಿನಿಂದ ಬೇಗ ಬಿಟ್ಟಿದ್ದರು. ಮೋಡ ಕವಿದ ಮಧ್ಯಾಹ್ನ ಬೇಗ ಬಿಟ್ಟರೆ ಮನುಷ್ಯ ಬಜ್ಜಿಯ ಕಡೆ ಹೋಗದೆ ಮನೆಗೆ ಹೋಗುತ್ತಾನೆಯೇ? ಕೋಟೇಶ್ವರಮ್ಮನ ಬಜ್ಜಿ ಬಂಡಿ ಆ ಬೋರ್ಡಿನ ಬುಡದಲ್ಲೇ ಇರುವುದು. ಎಣ್ಣೆಯಲ್ಲಿ ಮೆಣಸಿನಕಾಯಿ ಬಜ್ಜಿ ತೇಲುತ್ತಿತ್ತು. ಮೇಲೆ ಸರ್ ಅವರ ಮುಖ ಗಾಳಿ ತುಂಬಿ ಒಮ್ಮೆ ಮುಂದೆ ಉಬ್ಬುತ್ತಿತ್ತು, ಒಮ್ಮೆ ಧಡ್ ಎಂದು ಹಿಂದೆ ಚೌಕಟ್ಟಿಗೆ ಅಪ್ಪಳಿಸುತ್ತಿತ್ತು. ಪ್ರತಿಸಲ ಅಪ್ಪಳಿಸಿದಾಗ ಕಂಬ ಕಿರ್ರ್ ಎನ್ನುತ್ತಿತ್ತು.

"ಪಿನ್ನೀ, ಬಂಡಿ ತೆಗಿ ಇಲ್ಲಿಂದ" ಎಂದ ಚಂದ್ರಮೌಳಿ. ಪಿನ್ನಿ ಎಂದರೆ ಚಿಕ್ಕಮ್ಮ.

"ಮಳೆ ಬರೋ ದಿನ ಬಜ್ಜಿ ಬಂಡಿ ತೆಗೆಯೋಕೆ ನನಗೇನು ಹುಚ್ಚಾ?" ಎಂದಳು ಕೋಟೇಶ್ವರಮ್ಮ. "ವರ್ಷಕ್ಕೆ ಇಂಥ ಮೋಡ ಎಷ್ಟು ಸಲ ಸಿಗ್ತದೆ? ನಿನ್ನ ಬೋರ್ಡು ತೆಗಿ ನೀನು."

"ತೆಗೆಯೋ ಹೊತ್ತು ದಾಟಿಹೋಯ್ತು."

ಅದು ನಿಜ. ಈ ಗಾಳಿಯಲ್ಲಿ ಒಂದು ಬದಿಯ ಹಗ್ಗ ಬಿಚ್ಚಿದರೆ ಉಳಿದ ಫ್ಲೆಕ್ಸ್ ಹಾಯಿಯ ಹಾಗೆ ಎದ್ದು, ಬಿಚ್ಚಿದವನನ್ನೂ ಕಟ್ಟಿಕೊಂಡು ಹಾರುತ್ತದೆ. ಇನ್ನು ಉಳಿದದ್ದು ಕಿಟಕಿ ಒಂದೇ. ಕಿಟಕಿಗೆ ಜಾಗ ಮುಖ ಒಂದೇ. ಮುಖಕ್ಕೆ ಗೀರು ಬಿದ್ದರೆ ಗುಂಪು ಮನೆಗೆ. ಗೀರು ಬೀಳದಿದ್ದರೆ ಮುಖ, ಕಂಬ ಎಲ್ಲ ಕೋಟೇಶ್ವರಮ್ಮನ ಬಾಣಲೆಗೆ. ಚಂದ್ರಮೌಳಿ ತಲೆ ಕೆರೆದುಕೊಂಡ. ಓನರು ಫೋನ್ ಎತ್ತಲಿಲ್ಲ. ಕೊನೆಗೆ ಮುಖದ ಮಾಲೀಕರಿಗೇ ಫೋನ್ ಹಚ್ಚಿದ.

"ಸರ, ನಾ ಚಂದ್ರಮೌಳಿ ಮಾತಾಡಾಕತ್ತೀನ್ರಿ. ನಿಮ್ಮ ಮುಖ ಭಾಳ ಉಬ್ಬಾಕತ್ತೈತ್ರಿ. ಒಂದೀಟು ಕೊಯ್ಯಬೇಕ್ರಿ."

ಆ ಕಡೆಯಿಂದ ಬಂದ ಉತ್ತರ ನಮಗೂ ಕೇಳಿಸಿತು. "ಯಾರು ಮಾರಾಯ ನೀನು? ಯಾವ ಆಸ್ಪತ್ರೆ?"

ವಿಷಯ ತಿಳಿದ ಮೇಲೆ ಸರ್ ಕಾರಿನಲ್ಲೇ ಬಂದರು, ಮನೆ ಹತ್ತಿರವೇ. ಪಕ್ಕದಲ್ಲಿ ಗಿರಿಜಮ್ಮ, ಮಡಿಲಲ್ಲಿ ತರಕಾರಿ ಚೀಲ. ಸರ್ ಕೊಡೆ ಬಿಚ್ಚಿ ಇಳಿದರು. ಕೊಡೆ ಕೂಡಲೇ ತಿರುವುಮುರುವಾಯಿತು. ತಿರುವುಮುರುವಾದ ಕೊಡೆಯನ್ನೇ ಹಿಡಿದುಕೊಂಡು ಗಂಭೀರವಾಗಿ ಮೇಲೆ ನೋಡಿದರು. ಮೇಲಿನ ಸರ್ ಕೆಳಗಿನ ಸರ್ ಕಡೆಗೆ ಕೆನ್ನೆ ಉಬ್ಬಿಸಿದರು.

"ಎಲ್ಲಿ ಕೊಯ್ಯೋದು ಅಂತ ನಿನ್ನ ವಿಚಾರ?" ಎಂದರು, ಸಾಲದ ಅರ್ಜಿ ಬಂದಾಗ ಕೇಳುವ ದನಿಯಲ್ಲಿ.

"ನೀವೇ ಹೇಳ್ರಿ ಸರ. ಕಿವಿ?"

"ಕಿವಿಗೆ ತೂತು ಬಿದ್ರೆ ಸರ್‌ಗೆ ಕಿವಿ ಕೇಳೂದಿಲ್ಲ ಅಂತಾರೆ."

"ಮೂಗು?"

"ಅದು ನಮ್ಮ ಮನೆತನದ ಮೂಗು."

"ಬಾಯಿ?"

"ಪಾಠ ಹೇಳೋ ಬಾಯಿ ಅದು! ಅದನ್ನ ಹರಿದು ಅಕಾಡೆಮಿ ನಡೆಸೂದು ಹೇಗೆ?"

"ಹಣಿ ಭಾಳ ಅಗಲ ಐತ್ರಿ…"

"ಹಣೆ ಮುಟ್ಟಲೇ ಕೂಡದು. ಹಣೆ ಅಂದ್ರೆ ಬುದ್ಧಿ. ಬ್ಯಾಂಕ್ ಪರೀಕ್ಷೆಗೆ ತಯಾರು ಮಾಡುವವನ ಹಣೆಯಲ್ಲೇ ತೂತು ಕಂಡ್ರೆ ಯಾರು ಸೇರ್ತಾರೆ?"

"ಕೆನ್ನಿ?"

"ಯಾರೋ ಹೊಡೆದ ಹಾಗೆ ಕಾಣ್ತದೆ."

ಟೈ ಮೇಲೆ ಫೋನ್ ನಂಬರು, ಕಾಲರಿನ ಮೇಲೆ ಹೆಸರು. ಒಂದು ಬೋರ್ಡಿನಷ್ಟು ಮುಖವೆಲ್ಲ ಮುಗಿದುಹೋಯಿತು. ಬಜ್ಜಿ ತಿನ್ನುತ್ತಿದ್ದವರೆಲ್ಲ ತಟ್ಟೆ ಹಿಡಿದು ಸುತ್ತ ನಿಂತಿದ್ದರು. "ಅಷ್ಟು ದೊಡ್ಡ ಮುಖ ಯಾಕೆ ಹಾಕಿಸಿಕೊಂಡಿರಿ ಮಾಷ್ಟಾರೂ?" ಎಂದು ಕೋಟೇಶ್ವರಮ್ಮ ಜಾಲರಿ ಸೌಟು ಎತ್ತಿ ಕೇಳಿದಳು. "ಕಿಟಕಿಗೆ ಜಾಗ ಬಿಡದೆ ಮನೆ ಕಟ್ಟಿಸ್ತಾರಾ ಯಾರಾದ್ರೂ?"

ಅಷ್ಟರಲ್ಲಿ ಸಾಯಿಕಿರಣ್ ಚೌಕಟ್ಟಿನ ಹಿಂದೆ ಹತ್ತಿ ಕೂತಾಗಿತ್ತು, ಸೊಂಟಕ್ಕೆ ಹಗ್ಗ, ಬಾಯಲ್ಲಿ ಕಟ್ಟರು. ಬಾಯಿಂದ ಕಟ್ಟರು ತೆಗೆದು ಕೂಗಿದ: "ಗುರೂ, ಬೇಗ ಹೇಳು! ನಾನು ಮಾಷ್ಟಾರ ಮೂಗಿನ ಹಿಂದೆ ಇದೀನಿ ಅನಿಸ್ತದೆ. ಭಯಂಕರ ಉಸಿರು ಬಿಡ್ತಿದಾರೆ!"

ಕಂಬ ಇನ್ನೊಮ್ಮೆ ಕಿರ್ರ್ ಎಂದಿತು. ಚಂದ್ರಮೌಳಿ ಸರ್ ಕಡೆ ತಿರುಗಿದ. "ಸರ, ಓನರ್ ನನ್ನ ಗುಂಪು ತೆಗೀತೀನಿ ಅಂದಾರ. ನೀವು ಒಂದ್ ಮಾತು ಹೂಂ ಅಂದ್ರ ಕೊಯ್ತೀನಿ. ಹೂಂ ಅನ್ನದಿದ್ರೂ ಕೊಯ್ಯಾವನೇ. ಪಿನ್ನಿ ಬಂಡಿ ಬಿಟ್ಟು ಏಳಾಕಿ ಅಲ್ಲ. ಆದ್ರ ಹೂಂ ಅಂದ್ರ ಚಲೋ ಇರ್ತೈತ್ರಿ."

ಆಗ ಕಾರಿನ ಬಾಗಿಲು ತೆರೆಯಿತು. ಗಿರಿಜಮ್ಮ ತರಕಾರಿ ಚೀಲವನ್ನು ಸೀಟಿನ ಮೇಲಿಟ್ಟು ಕೆಳಗಿಳಿದರು.

"ಸುಕ್ಕು ಇದ್ದಲ್ಲಿ ಕೊಯ್ಯಿ ಮಾರಾಯ."

"ಯಾವ ಸುಕ್ಕು?" ಸರ್ ಸಿಡುಕಿದರು. "ಫೋಟೋದಲ್ಲಿ ಸುಕ್ಕೇ ಇಲ್ಲ."

"ಫೋಟೋದಲ್ಲಿ ಇಲ್ಲ. ಆದ್ರೆ ಅಸಲು ನನ್ನ ಎದುರಿಗೇ ನಿಂತದಲ್ಲ" ಎಂದರು ಗಿರಿಜಮ್ಮ. "ಹೇಗೂ ಗೆರೆ ಬೀಳಲೇಬೇಕು ಅಂದ್ಮೇಲೆ, ಇರಬೇಕಾದ ಕಡೆ ಬೀಳಲಿ. ಹೊಸ ಗಾಯ ಎಂತಕ್ಕೆ? ಹೂಂ ಅನ್ನಿ."

ಸರ್ ಹೂಂ ಅನ್ನಲಿಲ್ಲ. ಆದರೆ ಊಹೂಂ ಅನ್ನಲೂ ಇಲ್ಲ. ಬ್ಯಾಂಕಿನವರ ಭಾಷೆಯಲ್ಲಿ ಅದು ಮಂಜೂರಾತಿ. "ಬೆಳಿಗ್ಗೆ ಬಂದು ನೋಡ್ತೇನೆ. ಚೆಂದ ಕಾಣದಿದ್ರೆ ಓನರಿಗೆ ಇದ್ದದ್ದು ಇದ್ದ ಹಾಗೆ ಹೇಳೋನೇ" ಎಂದಷ್ಟೇ ಹೇಳಿದರು.

ಚಂದ್ರಮೌಳಿ ಸರ್ ಅವರನ್ನು ಭುಜ ಹಿಡಿದು ರಸ್ತೆಯ ಕಡೆ ಮುಖ ಮಾಡಿ, ಬೋರ್ಡು ನಿಂತ ಹಾಗೆಯೇ ನಿಲ್ಲಿಸಿದ. ಅಧ್ಯಕ್ಷರನ್ನು ಹೀಗೆ ಭುಜ ಹಿಡಿದು ತಿರುಗಿಸಿದ್ದನ್ನು ಸಂಘದ ಇತಿಹಾಸದಲ್ಲಿ ನಾನು ಕಂಡಿರಲಿಲ್ಲ.

"ಮೊದಲು ಎಡಗಣ್ಣು" ಎಂದರು ಗಿರಿಜಮ್ಮ.

"ಅಮ್ಮಾರ, ಎಡ ಬಲ ನಮ್ಮಲ್ಲಿ ನಡಿಯಂಗಿಲ್ರಿ. ಸಮುದ್ರದ ಕಡಿ ಕಣ್ಣೋ, ಬೆಟ್ಟದ ಕಡಿ ಕಣ್ಣೋ?"

ಗಿರಿಜಮ್ಮ ಗಂಡನನ್ನು ಒಮ್ಮೆ, ದಿಕ್ಕನ್ನು ಒಮ್ಮೆ ನೋಡಿದರು. "ಸಮುದ್ರದ ಕಡೆ. ಕಣ್ಣಿನ ಕೆಳಗೆ ಒಂದು ಚೀಲ. ದೊಡ್ಡದು. ಆಡಿಟ್ ಟೈಮಲ್ಲಿ ಬಂದದ್ದು, ಆಮೇಲೆ ಇಳಿಯಲೇ ಇಲ್ಲ."

"ಸಮುದ್ರದ ಕಡೆ ಕಣ್ಣಿನ ಕೆಳಗೇ!" ಚಂದ್ರಮೌಳಿ ಕೂಗಿದ.

ಹಿಂದಿನಿಂದ ಸಾಯಿಕಿರಣ್ ಮುಷ್ಟಿಯಿಂದ ಗುದ್ದಿದ. ಮುಂದೆ ಸರ್ ಮುಖದ ಮೇಲೆ ಒಂದು ಗುಳ್ಳೆ ಎದ್ದಿತು. ಹೀಗೆಯೇ ಅವರು ಜಾಗ ಗುರುತು ಹಿಡಿಯುವುದು. "ಇನ್ನೂ ಕೆಳಗೆ! ಇನ್ನೂ! ಅಲ್ಲಿ ಮೀಸೆ, ಮೇಲೆ ಬಾ!" ಗುಳ್ಳೆ ಮುಖದ ತುಂಬ ಓಡಾಡಿ ಕಣ್ಣಿನ ಕೆಳಗೆ ಬಂದು ನಿಂತಿತು. ಕಟ್ಟರಿನ ತುದಿ ಇಣುಕಿತು. ಸರ್ ಎಂದು ನಾವು ಕರೆಯುವ ಆ ವ್ಯಕ್ತಿ ನಿಂತಲ್ಲೇ ಒಮ್ಮೆ ಕಣ್ಣು ಮುಚ್ಚಿದರು.

"ಬೆಟ್ಟದ ಕಡೆ ಕಣ್ಣಿನ ಕೆಳಗೂ ಚೀಲ, ಆದ್ರೆ ಸ್ವಲ್ಪ ಸಣ್ಣದು. ಆ ಮಗ್ಗುಲಿಗೆ ಮಲಗ್ತಾರೆ." ಗಿರಿಜಮ್ಮನ ಬೆರಳು ಗಂಡನ ಮುಖದ ಮೇಲೆ ತರಕಾರಿ ಆರಿಸುವ ಹಾಗೆ ಓಡುತ್ತಿತ್ತು. "ಕಣ್ಣಿನ ಬದಿಗೆ ಇವು ಕೋಳಿಕಾಲಿನ ಹಾಗೆ. ಇವು ನಕ್ಕು ಬಂದದ್ದು. ನಮ್ಮ ಅಣ್ಣ ಮದುವೆ ಮನೆಯಲ್ಲಿ ಕುರ್ಚಿ ಸಮೇತ ಬಿದ್ದಾಗ ಶುರುವಾಯ್ತು, ಅವನನ್ನು ಕಂಡಾಗೆಲ್ಲ ಬೆಳೀತು."

"ಗಿರಿಜಾ, ಜನ ಇದ್ದಾರೆ" ಎಂದರು ಸರ್ ಹಲ್ಲು ಕಚ್ಚಿ.

"ಇರಲಿ. ನೀವು ನಗೂದೇ ಇಲ್ಲ ಅಂತ ತಿಳಿದಿದ್ರು ಅವರು."

ನೂಕರಾಜುವೂ ಈಗ ಇನ್ನೊಂದು ತುದಿಯಿಂದ ಹತ್ತಿದ್ದ. ಗಾಳಿಯಲ್ಲಿ ಕೂಗು ಅರ್ಧ ಮಾತ್ರ ಅವನಿಗೆ ತಲುಪುತ್ತಿತ್ತು. "ಬೆಲ್ಲದ ಕಡೆಯಾ?" ಎಂದು ಕೇಳಿದ. "ಬೆಲ್ಲ ಅನಕಾಪಲ್ಲಿಯಲ್ಲೋ! ಇಲ್ಲಿ ಸಮುದ್ರ!" ಎಂದು ಕೆಳಗಿನಿಂದ ಬಜ್ಜಿ ಗಿರಾಕಿಗಳೆಲ್ಲ ಒಟ್ಟಿಗೆ ಕೂಗಿದರು. ಇಷ್ಟು ಹೊತ್ತಿಗೆ ಕೆಲಸ ಎಲ್ಲರಿಗೂ ಬಂದುಬಿಟ್ಟಿತ್ತು. ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಗೆರೆ ಎರಡೂ ಕಡೆ ಆಯಿತು. ಗಲ್ಲದ ಕೆಳಗೆ ಎರಡನೆಯ ಗಲ್ಲ ಮರಳಿ ಬಂತು. ಸಮುದ್ರದ ಕಡೆಯ ಕೆನ್ನೆಯಲ್ಲಿ ಮಾತ್ರ ಸಾಯಿಕಿರಣ್ ಕೈ ಸ್ವಲ್ಪ ಜಾರಿ ಗೆರೆ ತುಟಿಯ ತುದಿಯಿಂದ ಮೇಲಕ್ಕೆ ಹೋಯಿತು.

"ಅಯ್ಯೋ" ಎಂದ ಚಂದ್ರಮೌಳಿ.

"ಇರಲಿ ಬಿಡು" ಎಂದರು ಗಿರಿಜಮ್ಮ. "ಪಾಯಸ ಇಟ್ಟಾಗ ಹಾಗೇ ಆಗ್ತದೆ."

ಒಂದೊಂದು ಕಿಟಕಿ ತೆರೆದ ಹಾಗೆ ಬೋರ್ಡಿನ ಶಬ್ದವೇ ಬದಲಾಯಿತು. ಧಡ್ ಧಡ್ ಎನ್ನುತ್ತಿದ್ದದ್ದು ಸುಯ್ಯೆಂದು ಸಿಳ್ಳೆ ಹಾಕತೊಡಗಿತು. ಕಂಬ ಸುಮ್ಮನಾಯಿತು. ಜೋರು ಗಾಳಿ ಬಂದಾಗ ಸರ್ ಅವರ ಕಣ್ಣಿನ ಚೀಲಗಳು ಪಟಪಟ ಬಡಿದುಕೊಳ್ಳುತ್ತಿದ್ದವು, ಸಮುದ್ರದ ಕಡೆಯ ಕೆನ್ನೆ ಎದ್ದು ಎದ್ದು ನಗುತ್ತಿತ್ತು. ಕೆಳಗಿನ ಸರ್ ಮಾತ್ರ ನಗದೆ ಕಾರು ಹತ್ತಿದರು. ಕೋಟೇಶ್ವರಮ್ಮ ಗಿರಿಜಮ್ಮನ ಕೈಗೆ ಬಜ್ಜಿಯ ಪೊಟ್ಟಣ ಇಟ್ಟಳು. ಆಮೇಲೆ ಮಳೆ ಬಂತು.

ಮರುದಿನ ಬೆಳಿಗ್ಗೆ ಮದ್ದಿಲಪಾಲೆಂನಲ್ಲಿ ಒಂದು ಬೇವಿನ ಮರ ರಸ್ತೆಗೆ ಅಡ್ಡ ಬಿದ್ದಿತ್ತು, ಯಾರದೋ ನೀರಿನ ಟ್ಯಾಂಕು ಡಿವೈಡರಿನ ಮೇಲೆ ಕೂತಿತ್ತು. ಸರ್ ಅವರ ಬೋರ್ಡು ನಿಂತಿತ್ತು. ಒದ್ದೆಯಾಗಿ, ಸುಕ್ಕುಸುಕ್ಕಾಗಿ, ಒಂದು ಕಡೆ ತುಟಿ ಎತ್ತಿ ನಗುತ್ತ ನಿಂತಿತ್ತು. ಚಂದ್ರಮೌಳಿ, ಸಾಯಿಕಿರಣ್, ನೂಕರಾಜು ಮೂವರೂ ಬಂಡಿಯ ಬಳಿ ಉಪ್ಮಾ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದರು. ಸರ್ ನಡೆದುಕೊಂಡೇ ಬಂದರು. ಮೇಲೆ ನೋಡಿದರು. ಈ ಕಡೆಯಿಂದ ನೋಡಿದರು, ರಸ್ತೆ ದಾಟಿ ಆ ಕಡೆಯಿಂದ ನೋಡಿದರು, ಮತ್ತೆ ಬಂದರು.

ಅಷ್ಟರಲ್ಲಿ ಚಂದ್ರಮೌಳಿಯ ಫೋನು ಹೊಡೆದುಕೊಂಡಿತು. ಯಾರೋ ಪುಣ್ಯಾತ್ಮ ಬೋರ್ಡಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಬಿಟ್ಟಿದ್ದ; ಅದು ಬೆಳಗಾಗುವುದರೊಳಗೆ ವಿಜಯವಾಡ ಮುಟ್ಟಿತ್ತು. ಓನರ ದನಿ ಫೋನಿನಿಂದ ಹೊರಗೆ ಚೆಲ್ಲುತ್ತಿತ್ತು. "ಏನು ಮಾಡಿಟ್ಟಿದೀಯ! ಮಾಷ್ಟಾರಿಗೆ ಈಗ ನಾನು ಏನು ಮುಖ ತೋರಿಸಲಿ? ಇವತ್ತೇ ಹೊಸ ಫ್ಲೆಕ್ಸ್ ಕಳಿಸ್ತೀನಿ, ಅದನ್ನ ಕಟ್ಟೋಕೆ ಬೇರೆಯವರು ಬರ್ತಾರೆ. ನೀನು ಹಗ್ಗ ಒಪ್ಪಿಸಿ ನಡಿ!"

ಚಂದ್ರಮೌಳಿ ಸರ್ ಮುಖ ನೋಡಿದ. ಸರ್ ಬೋರ್ಡಿನ ಮುಖ ನೋಡುತ್ತಿದ್ದರು.

ಆಗ ಆಟೋದಿಂದ ಒಬ್ಬ ಹೆಂಗಸು ಇಳಿದಳು, ಜೊತೆಗೆ ಕಾಲೇಜು ಮುಗಿಸಿದ ವಯಸ್ಸಿನ ಮಗಳು. ಹೆಸರು ಸೂರ್ಯಕಾಂತಮ್ಮ ಎಂದು ಆಮೇಲೆ ತಿಳಿಯಿತು. ಅಕಾಡೆಮಿ ಎಲ್ಲಿ ಎಂದು ಕೋಟೇಶ್ವರಮ್ಮನನ್ನು ಕೇಳುತ್ತ ಕತ್ತೆತ್ತಿ ಬೋರ್ಡು ನೋಡಿದಳು, ಕತ್ತಿಳಿಸಿ ಸರ್ ಅವರನ್ನು ನೋಡಿದಳು. ಎರಡೂ ಕೈ ಎತ್ತಿ ಮುಗಿದಳು.

"ನಮಸ್ಕಾರಂ ಮಾಷ್ಟಾರೂ! ನೀವೇ ಅಲ್ವಾ? ನೋಡಿದ ಕೂಡಲೇ ಗೊತ್ತಾಯ್ತು."

ಸರ್ ತಡಬಡಿಸಿದರು. "ಗೊತ್ತಾಯ್ತಾ?"

"ಗೊತ್ತಾಗದೆ? ಅದೇ ಮುಖ. ಇವಳು ಬೈಯೋ ಮಾಷ್ಟಾರು ಬೇಡ ಅಂತ ಹಟ ಹಿಡಿದಿದ್ಲು. ನೋಡೇ, ಎಷ್ಟು ಚೆನ್ನಾಗಿ ನಗ್ತಾರೆ!"

ಮಗಳು ಕೆಳಗಿನ ಮುಖವನ್ನು ಸಂಶಯದಿಂದ ನೋಡಿದಳು. ಸರ್ ಸಮುದ್ರದ ಕಡೆಯ ತುಟಿಯನ್ನು ನಿಧಾನವಾಗಿ ಮೇಲೆತ್ತಿದರು. ಹುಡುಗಿಗೆ ಸಮಾಧಾನವಾಯಿತು.

ಚಂದ್ರಮೌಳಿಯ ಕೈಯಲ್ಲಿ ಫೋನು ಇನ್ನೂ ಕೂಗುತ್ತಿತ್ತು. ಸರ್ ಅದನ್ನು ಕಿತ್ತುಕೊಂಡರು. "ಹಲೋ! ನಾನು ಮಹಾಬಲೇಶ್ವರ. ಡ್ಯಾಮೇಜ್ ಎಂತದ್ರೀ? ಎಂತ ಡ್ಯಾಮೇಜೂ ಇಲ್ಲ. ಅದು ಡಿಸೈನು." ಆ ಕಡೆಯಿಂದ ಏನೋ ಪ್ರಶ್ನೆ ಬಂತು. ಸರ್ ಸುತ್ತ ಒಮ್ಮೆ ನೋಡಿದರು. ಗಿರಿಜಮ್ಮ ಬಂದಿರಲಿಲ್ಲ. "ಯಾರದ್ದು ಅಂದ್ರೆ? ನನ್ನದೇ. ಮೊದಲಿಂದ ನನಗೆ ಆ ವಿಚಾರ ಇತ್ತು. ಹ್ಞಾಂ, ಬೇರೆ ಗುಂಪು ಎಂತಕ್ಕೆ? ಈ ಗುಂಪಿಗೆ ನನ್ನ ಮುಖ ಗೊತ್ತುಂಟು. ವಿಜಯವಾಡದ ಬೆಂಜ್ ಸರ್ಕಲ್ ಬೋರ್ಡಿಗೂ ಇವರನ್ನೇ ಕಳಿಸಿ."

ಫೋನು ವಾಪಸು ಬಂತು. ಸಾಯಿಕಿರಣ್ ಉಪ್ಮಾಕ್ಕೆ ಕೈ ಹಾಕಿದ. ನೂಕರಾಜು ಅವನ ತಟ್ಟೆಯಿಂದ ಚಟ್ನಿ ಎತ್ತಿಕೊಂಡ. ಚಂದ್ರಮೌಳಿ ಇಬ್ಬರನ್ನೂ ಬೈದ. ಗುಂಪು ಉಳಿದಿದ್ದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಕೆಲವು ವಾರ ಕಳೆದು ಬೆಂಜ್ ಸರ್ಕಲ್ಲಿನಲ್ಲಿ ಬೋರ್ಡು ಏರಿತು. ನಾನೂ ಆಫೀಸಿನ ಕೆಲಸದ ಮೇಲೆ ವಿಜಯವಾಡಕ್ಕೆ ಹೋಗಿದ್ದೆ. ಹೋಗದಿದ್ದರೆ ರಜೆ ಹಾಕಿಯಾದರೂ ಹೋಗುತ್ತಿದ್ದೆ. ಡಿಸೈನರು ಅಭ್ಯಾಸಬಲದಿಂದ ಮತ್ತೆ ಇಸ್ತ್ರಿ ಹಾಕಿದ ಮುಖವನ್ನೇ ಅಚ್ಚು ಹಾಕಿಸಿದ್ದ. ಸರ್ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಕಟ್ಟಿದ ಮೇಲೆ ಕೊಯ್ಯೋಣ ಎಂದರು. ಎಲೆ ಅಲುಗದ ಮಧ್ಯಾಹ್ನ. ಸುಡು ಬಿಸಿಲು. ಸುತ್ತ ಶೋರೂಮುಗಳ ಗಾಜು, ಹಾರ್ನು, ಫ್ಲೈಓವರಿನ ಕೆಳಗೆ ನಿಂತ ಬಸ್ಸುಗಳು.

"ಇಲ್ಲಿ ಗಾಳಿಯೇ ಇಲ್ಲವಲ್ಲ ಸಾರ್" ಎಂದರು ಓನರು, ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ. "ಕಿಟಕಿ ಯಾಕೆ?"

"ಗಾಳಿ ಇರಲಿ ಇಲ್ಲದಿರಲಿ, ಕೊಯ್ಯಿ ಅಂದ್ರೆ ಕೊಯ್ಯಿ" ಎಂದು ಸರ್ ಚಂದ್ರಮೌಳಿಗೆ ಹೇಳಿದರು.

ಗಿರಿಜಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಛತ್ರಿ ಹಿಡಿದು ಕೂತಿದ್ದರು. ಅವರಿಲ್ಲದೆ ಸುಕ್ಕುಗಳ ಜಾಗ ಗೊತ್ತಾಗುವುದಿಲ್ಲವೆಂದು ಚಂದ್ರಮೌಳಿಯೇ ಹಟ ಹಿಡಿದು ರೈಲಿನಲ್ಲಿ ಕರೆಸಿಕೊಂಡಿದ್ದ. ಇಲ್ಲಿ ಸಮುದ್ರವಿಲ್ಲ, ಕಾಲುವೆ ಕಡೆ, ಬೆಟ್ಟದ ಕಡೆ ಎಂದು ಅವರಿಗೆ ಹೇಳಿಕೊಡಬೇಕಾಗಿಯೂ ಬರಲಿಲ್ಲ. "ಕಾಲುವೆ ಕಡೆ ಚೀಲ, ಇನ್ನೊಂದು ಗೇಣು ಕೆಳಗೆ, ಸಾಯಿ!" ಎಂದು ತಾವೇ ಕೂಗುತ್ತಿದ್ದರು. ಚಂದ್ರಮೌಳಿಗೆ ಆ ದಿನ ಕತ್ತೆತ್ತುವ ಕೆಲಸವೂ ಇರಲಿಲ್ಲ.

ಕಣ್ಣು, ಕೆನ್ನೆ, ಗಲ್ಲ ಎಲ್ಲ ಆಯಿತು. ಗಿರಿಜಮ್ಮ ಛತ್ರಿ ಓರೆ ಮಾಡಿ ನೋಡಿದರು.

"ಹಣೆ ಬೋಳು ಕಾಣ್ತದೆ. ಅಲ್ಲೂ ಆಗಬೇಕು. ಮೂರು ಗೆರೆ."

"ಹಣೆ ಬೇಡ ಅಂತ ಹೇಳಿದ್ದೆ" ಎಂದರು ಸರ್.

"ಕಣ್ಣೆಲ್ಲ ಅಷ್ಟು ಸುಕ್ಕಾಗಿ ಹಣೆ ಮಾತ್ರ ನುಣ್ಣಗೆ ಇದ್ರೆ ಯಾರೂ ನಂಬೂದಿಲ್ಲ."

ಸರ್ ಯೋಚಿಸಿದರು. ಬೆಂಜ್ ಸರ್ಕಲ್ಲಿನ ಅಷ್ಟು ಜನ ನಂಬದಿದ್ದರೆ ಹೇಗೆ? "ಆಯ್ತು. ಎರಡು ಸಾಕು."

"ಮೂರು."

"ಎರಡು. ನನ್ನ ಹಣೆ ನನಗೆ ಗೊತ್ತಿಲ್ವಾ? ಎರಡೇ ಇರೂದು."

"ಮೂರು ಅಂದೆ."

"ಗಿರಿಜಾ!" ಎಂದು ಸರ್ ಹುಬ್ಬೇರಿಸಿದರು. ಹಣೆಯಲ್ಲಿ ಗೆರೆಗಳೆದ್ದವು.

ಚಂದ್ರಮೌಳಿ ಹತ್ತಿರ ಬಂದ. ಸರ್ ಅವರ ಹಣೆಯನ್ನು ಅಳತೆ ತೆಗೆಯುವವನ ಹಾಗೆ ಒಂದು ಗಳಿಗೆ ನೋಡಿದ. ತಿರುಗಿ ಎರಡೂ ಕೈ ಬಾಯಿಗೆ ಹಿಡಿದು ಮೇಲಕ್ಕೆ ಕೂಗಿದ.

"ಸಾಯೀ, ಮೂರು!"